ಬಿಸಿಯೂಟದ ಸಾಲಿನಿಂದ ಶುರು ಮಾಡ್ರಿ

ಸಣ್ಣ ತರಗತಿ ಮಕ್ಕಳ ಹೊಡೆದಾಟಕ್ಕೆ ಮೊಬೈಲೇ ಕಾರಣ ಅಂತ ಲೇಖನದಲ್ಲಿ ಬರೆದೀರಿ. ಅರ್ಧ ಖರೆ ಸರ್. ನಮ್ಮ ಕುಷ್ಟಗಿ ಕಡೆ ಅಪ್ಪ-ಅವ್ವ ಗುಳೆ ಹೋದ್ರೆ ಹುಡುಗ ಅಜ್ಜಿ ಹತ್ರ ಬೆಳೀತಾನೆ. ಬಿಸಿಯೂಟದ ಸಾಲಿನ್ಯಾಗ ಮುಂದಿನವನ ಬೆನ್ನಿಗೆ ತಾಟಿನಿಂದ ಬಡೀತಾನೆ. ಮಾಸ್ತರು ಕಿವಿ ಹಿಂಡಿದ್ರೆ ಮರುದಿನ ಒಂದನೇತ್ತೆ ಹುಡುಗನ ಕಿವಿ ಹಿಂಡ್ತಾನೆ. ಮಕ್ಕಳಿಗೆ ಹೊಡೀಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ಹೇಳ್ತದೆ. ಓದಿದವರು ಯಾರು ಬಿಡ್ರಿ.

ಅಮೆರಿಕದಲ್ಲಿ ‘ಗುಡ್ ಬಿಹೇವಿಯರ್ ಗೇಮ್’ ಅಂತ ಒಂದು ಪದ್ಧತಿ 1969ರಿಂದಲೇ ಇದೆ. ತರಗತಿಯನ್ನ ತಂಡ ಮಾಡೋದು, ಯಾರಾದ್ರೂ ನಿಯಮ ಮುರಿದ್ರೆ ಆ ತಂಡಕ್ಕೆ ಬೋರ್ಡ್ ಮೇಲೆ ಒಂದು ಗೆರೆ. ಗೆರೆ ಕಡಿಮೆ ಇದ್ರೆ ಎಲ್ಲಾ ತಂಡಗಳೂ ಗೆಲ್ಲಬಹುದು. ಅಲ್ಲಿನ ಬಾಲ್ಟಿಮೋರ್ ನಗರದ ಶಾಲೆಗಳಲ್ಲಿ ಒಂದನೇ ತರಗತಿಗೆ ಇದನ್ನ ಮಾಡಿದಾಗ ಹೆಚ್ಚು ಲಾಭ ಆಗಿದ್ದು ಭಾಳ ಜಗಳಗಂಟ ಗಂಡುಹುಡುಗರಿಗೇ. ಖರ್ಚು ಅಂದ್ರೆ ಚಾಕ್‌ಪೀಸು! ನಮ್ಮಲ್ಲಿ ಬಿಸಿಯೂಟದ ಸಾಲಿನಿಂದಲೇ ಇದನ್ನ ಶುರು ಮಾಡಬಹುದು.

ಆದ್ರೆ ಶಾಲೆ ಒಂದರಿಂದ ಆಗೂದಿಲ್ಲ. ಎಸ್‌ಡಿಎಂಸಿ (ಪಾಲಕರು ಇರೋ ಶಾಲಾ ಉಸ್ತುವಾರಿ ಸಮಿತಿ) ಸಭೆ ಅಂದ್ರೆ ನಮ್ಮಲ್ಲಿ ಕಾಂಪೌಂಡು, ಶೌಚಾಲಯ, ಸಹಿ, ಮುಗೀತು. ಆ ಸಭೆಗೆ ಅಜ್ಜಿಯಂದಿರನ್ನ, ಅಂಗನವಾಡಿ ಟೀಚರನ್ನ ಕರೀರಿ. ಅಮಾಸಿ ದಿನ ಇಡ್ರಿ, ಹೊಲದ ಕೆಲಸ ಇರೂದಿಲ್ಲ, ಜನ ಬರ್ತಾರೆ. ಚಹಾ ಮಾತ್ರ ಮರೀಬ್ಯಾಡ್ರಿ.