ಅರವತ್ತೆಂಟನೇ ನಂಬರಿನ ಜಗಳ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಸಾಮಾನು. ಟಿವಿ ಬರದಿದ್ದರೆ ರಿಮೋಟಿನ ಸೆಲ್ಲು, ಮಿಕ್ಸಿ ನಿಂತರೆ ಪ್ಲಗ್ಗು. ಅಕ್ಕನ ಮಗನ ರೋಬೋಟ್ ಹುಚ್ಚುಹುಚ್ಚಾಗಿ ಆಡತೊಡಗಿದಾಗಲೂ ಅಷ್ಟೇ. ಎಲ್ಲರ ಕಣ್ಣು ಬಿದ್ದದ್ದು ಚಿಟಿಕೆಯಷ್ಟಿದ್ದ ಅಡಾಪ್ಟರ್ ಬೋರ್ಡಿನ ಮೇಲೆ.

ಹುಡುಗ ಎಂಜಿನಿಯರಿಂಗ್ ಓದಲು ನಮ್ಮಲ್ಲಿದ್ದಾನೆ. ಓದುತ್ತಾನೆ ಅಂತ ಅಕ್ಕ ನಂಬಿದ್ದಾಳೆ. ಅವನ ರೋಬೋಟಿಗೆ ಎರಡೇ ಚಕ್ರ. ಎಷ್ಟು ವಾಲುತ್ತಿದ್ದೇನೆ ಅಂತ ಗೊತ್ತಾಗಲು ಎಂಪಿಯು 6050 ಸೆನ್ಸರ್. ಅತ್ತೆಯ ಬಿಪಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತಂದುಕೊಡಲು ಡಿಎಸ್ 3231 ಗಡಿಯಾರ. ಇವನ್ನೆಲ್ಲ ಆಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೋ; ಅದರದ್ದು 5 ವೋಲ್ಟು, ಸೆನ್ಸರಿಗೆ 3.3 ಸಾಕು. ನಡುವೆ ಸುಧಾರಿಸುವುದು ಈ ಅಡಾಪ್ಟರ್. ಗಡಿಯಾರವೂ ಅದೂ ಒಂದೇ ದಿನ ಮನೆಗೆ ಬಂದವು. ಅಂದು ಸಂಜೆ ರೋಬೋಟ್ ಒಮ್ಮೆ ನಡುಗಿ, ಮಾತ್ರೆ ಡಬ್ಬಿ ಸಮೇತ ಕಪಾಟಿನಡಿಗೆ ನುಗ್ಗಿತು.

"ಲೂಸ್ ಕನೆಕ್ಷನ್ ಮಾರಾಯ," ಎಂದರು ನಮ್ಮವರು. ಬ್ಯಾಂಕಿನಲ್ಲಿದ್ದವರು, ಜಗತ್ತಿನ ಸಮಸ್ಯೆಗಳಿಗೆಲ್ಲ ಅವರಲ್ಲಿ ಇದೊಂದೇ ಉತ್ತರ. ಒಂದೊಂದು ವಯರನ್ನೂ ಒತ್ತಿ ಒತ್ತಿ ನೋಡಿದರು. ಮಲ್ಟಿಮೀಟರ್ ಇಟ್ಟರೆ ಅಡಾಪ್ಟರಿನ ಒಂದು ಕಡೆ 5, ಇನ್ನೊಂದು ಕಡೆ 3.3. ಗ್ರೌಂಡೂ ಸರಿ. ಆದರೂ ಯಾರಿಗೂ ಅದರ ಮೇಲೆ ನಂಬಿಕೆ ಬರಲಿಲ್ಲ. ಮಳೆಯಲ್ಲಿ ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆವು. (ಆ ರಸ್ತೆಗೆ ಭಡಕಮ್ಕರ್ ಮಾರ್ಗ ಅಂತ ಹೆಸರಿಟ್ಟು ಎಷ್ಟೋ ಕಾಲವಾಯಿತು. ಕೇಳುವವರು ಯಾರು?) ಅಂಗಡಿಯವ ಬೋರ್ಡನ್ನು ತಿರುಗಿಸಿ ನೋಡಿ "ಏ ತೋ ಬರಾಬರ್ ಹೈ" ಅಂದ. ನಾವು ಇನ್ನೊಂದು ಕೊಂಡೆವು. ಅದೂ ಕಪಾಟಿನಡಿಗೇ ನುಗ್ಗಿಸಿತು.

ಕಳ್ಳತನ ನಡೆದದ್ದು ಬೇರೆ ಕಡೆ. ಈ ಚಿಪ್ಪುಗಳೆಲ್ಲ ಐ ಟು ಸಿ ಅನ್ನುವ ಎರಡು ತಂತಿಯ ಮೇಲೆ ಮಾತಾಡುತ್ತವೆ. 1982ರಲ್ಲಿ ಫಿಲಿಪ್ಸ್ ಕಂಪನಿ ಮಾಡಿದ ಏರ್ಪಾಡು. ಒಂದೊಂದಕ್ಕೂ ಒಂದು ವಿಳಾಸ. ಮಾಮೂಲಿ ಲೆಕ್ಕದಲ್ಲಿ ಬಳಸಬಹುದಾದ ವಿಳಾಸ 112 ಮಾತ್ರ, ಚಿಪ್ಪುಗಳೋ ಸಾವಿರಾರು. ತಂತಿಯ ಮೇಲೆ ಯಾರ‍್ಯಾರಿದ್ದಾರೆ ಅಂತ ನೋಡುವ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿದಾಗ 57, 68 ಅಂತ ಎರಡು ಬಂದಿದ್ದವು. ಎರಡು ಸಾಮಾನು, ಎರಡು ವಿಳಾಸ. ಇನ್ನೇನು ಬೇಕು?

ಕೊನೆಗೆ ಹುಡುಗ ಸೆನ್ಸರ್ ಕಿತ್ತು, ಬರೀ ಗಡಿಯಾರ ಇಟ್ಟು ಸ್ಕ್ಯಾನ್ ಮಾಡಿದ. ಆಗಲೂ 57, 68! ಗಡಿಯಾರದ ಬೋರ್ಡಿನಲ್ಲಿ ಸುಮ್ನೆ ಕೂತಿದ್ದ ಒಂದು ಮೆಮೊರಿ ಚಿಪ್ಪಿನದು 57. ಗಡಿಯಾರದ್ದು 68, ಸೆನ್ಸರಿನದೂ 68. ಆರ್ಡುಯಿನೋ 68 ಅಂತ ಕರೆದರೆ ಎರಡೂ ಒಟ್ಟಿಗೆ ಓಗೊಡುತ್ತಿದ್ದವು. ಆ ತಂತಿಯಲ್ಲಿ ಒಬ್ಬರು ಒಂದು, ಇನ್ನೊಬ್ಬರು ಸೊನ್ನೆ ಅಂದರೆ ಸೊನ್ನೆಯದೇ ಗೆಲುವು. ಹಾಗೆ ಕಲಸಿಹೋದ ಲೆಕ್ಕ ನಂಬಿ ರೋಬೋಟ್ ತಾನು ಬೀಳುತ್ತಿದ್ದೇನೆ ಅಂದುಕೊಂಡು ಓಡುತ್ತಿತ್ತು.

ಮದ್ದೇನೋ ಸುಲಭ. ಸೆನ್ಸರಿನ ಎಡಿ ಝೀರೋ ಪಿನ್ನಿಗೆ 3.3 ವೋಲ್ಟ್ ಕೊಟ್ಟರೆ ವಿಳಾಸ 69 ಆಗುತ್ತದೆ. ಅಡಾಪ್ಟರಿನಲ್ಲಿ ಆ ಪಿನ್ನಿಗೆ ಜಾಗವಿರಲಿಲ್ಲ. ಬೇರೆ ವಯರ್ ಬೆಸುಗೆ ಹಾಕಿ, ಪ್ರೋಗ್ರಾಮಿನಲ್ಲೂ 69 ಅಂತ ತಿದ್ದಿದ. ರೋಬೋಟ್ ನೆಟ್ಟಗೆ ನಿಂತಿತು.

ಸುಮ್ಮನಿರಬೇಕಲ್ವಾ? "ನೀನು ಯಾರು" ಅಂತ ಕೇಳುವ ಒಂದು ಸಾಲು ಪ್ರೋಗ್ರಾಮಿನಲ್ಲಿತ್ತು. ಸೆನ್ಸರ್ 68 ಅಂತ ಉತ್ತರ ಕೊಟ್ಟಿತು. ಹುಡುಗನ ಮುಖ ಬಿಳಿಚಿತು. ಚಿಪ್ಪಿನ ವಿವರವಿರುವ ಡೇಟಾಶೀಟ್ ಓದಿದರೆ, ಪಿನ್ನು ಹೇಗೇ ಇರಲಿ, ಆ ಉತ್ತರ ಬದಲಾಗುವುದೇ ಇಲ್ಲವಂತೆ.

"ಅದಕ್ಕೆ ಯಾಕೆ ಬೈತಿ?" ಎಂದರು ಅತ್ತೆ, ಮಾತ್ರೆ ನುಂಗುತ್ತಾ. "ನಾನು ಡೊಂಬಿವಲಿಗೆ ಬಂದು ಎಷ್ಟು ವರ್ಷವಾಯಿತು? ಯಾರಾದರೂ ಕೇಳಿದರೆ ಈಗಲೂ ಕಾರ್ಕಳ ಅಂತಲೇ ಹೇಳುವುದು."

ಹುಡುಗ ಆ ಸಾಲನ್ನೇ ಅಳಿಸಿಬಿಟ್ಟ.