ಗಿಟ್ ಅನ್ನು ಪ್ರಶ್ನಿಸುವುದನ್ನೂ ಕಲಿಸೋಣ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಂದ ಬಂದು ಕೆಲಸಕ್ಕೆ ಸೇರುವ ಹುಡುಗ-ಹುಡುಗಿಯರಿಗೆ, ತಂತ್ರಾಂಶದ ಕೋಡ್‌ನಲ್ಲಾದ ಬದಲಾವಣೆಗಳ ದಾಖಲೆ ಇಡುವ ಗಿಟ್ ಹೊಸದೇನಲ್ಲ. ಬದಲಾವಣೆಗಳನ್ನು ಆರಿಸುವ ಆ್ಯಡ್, ಅವನ್ನು ದಾಖಲಿಸುವ ಕಮಿಟ್, ತಂಡದ ಸಂಗ್ರಹಕ್ಕೆ ಕಳಿಸುವ ಪುಶ್, ಅಲ್ಲಿಂದ ತರುವ ಪುಲ್ ಎಲ್ಲರಿಗೂ ಬರುತ್ತವೆ. ಕಲಿಕೆ ಅಲ್ಲಿಗೇ ನಿಂತುಬಿಡುತ್ತದೆ ಎಂಬುದೇ ನನ್ನ ಬೇಸರ. ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಈ ಸಾಧನಕ್ಕೆ, ‘ಈ ಸಾಲು ಯಾವಾಗ, ಯಾವ ಕಾರಣಕ್ಕೆ ಹೀಗಾಯಿತು’ ಎಂದು ಪ್ರಶ್ನೆ ಹಾಕಿ ಉತ್ತರ ಪಡೆಯಬಹುದು ಎಂಬುದು ಬಹಳ ಜನರ ಗಮನಕ್ಕೇ ಬಂದಿಲ್ಲ.

ಬ್ಯಾಡಗಿಯ ದಲಾಲಿ ಅಂಗಡಿಯೊಂದರ ಬಿಲ್ಲಿಂಗ್ ತಂತ್ರಾಂಶವನ್ನು ನಮ್ಮ ತಂಡ ನೋಡಿಕೊಳ್ಳುತ್ತದೆ. ಒಮ್ಮೆ ಅದರಲ್ಲಿ ಮೆಣಸಿನಕಾಯಿಯ ಒಟ್ಟು ತೂಕದಿಂದ ಖಾಲಿ ಚೀಲದ ತೂಕ ಎರಡೆರಡು ಸಲ ಕಳೆದುಹೋಗತೊಡಗಿತು. ರೈತರ ದುಡ್ಡಿನ ವಿಷಯವಾದ್ದರಿಂದ ಕಾರಣವನ್ನು ಊಹಿಸುತ್ತ ಕೂರುವಂತಿರಲಿಲ್ಲ. ಇಂಥ ಹೊತ್ತಿಗೇ ಇರುವುದು ‘ಗಿಟ್ ಬೈಸೆಕ್ಟ್’. ಲೆಕ್ಕ ಸರಿಯಿದ್ದ ಒಂದು ಹಳೆಯ ಕಮಿಟ್ಟನ್ನೂ (ಅಂದರೆ ಆಗ ದಾಖಲಾದ ಕೋಡನ್ನೂ) ತಪ್ಪಿರುವ ಇಂದಿನ ಕಮಿಟ್ಟನ್ನೂ ತೋರಿಸಿದರೆ, ಅದು ನಟ್ಟನಡುವಿನ ಕಮಿಟ್ಟನ್ನು ತೆರೆದುಕೊಡುತ್ತದೆ. ನಾವು ಪರೀಕ್ಷಿಸಿ ಗುಡ್ ಅಥವಾ ಬ್ಯಾಡ್ ಎಂದಂತೆಲ್ಲ ಹುಡುಕುವ ವ್ಯಾಪ್ತಿ ಅರ್ಧರ್ಧವಾಗುತ್ತ ಹೋಗುತ್ತದೆ. ನಡುವೆ ಸಾವಿರ ಕಮಿಟ್‌ಗಳಿದ್ದರೂ ಸುಮಾರು 10 ಪರೀಕ್ಷೆಗಳಲ್ಲಿ ತಪ್ಪು ಹೊಕ್ಕ ಜಾಗ ಸಿಗುತ್ತದೆ. ‘ಬೈಸೆಕ್ಟ್ ರನ್’ಗೆ ಒಂದು ಪುಟ್ಟ ಸ್ಕ್ರಿಪ್ಟ್ ಕೊಟ್ಟರಂತೂ ಈ ಪರೀಕ್ಷೆಗಳನ್ನೂ ಅದೇ ನಡೆಸುತ್ತದೆ: ಸ್ಕ್ರಿಪ್ಟ್ 0 ಹಿಂತಿರುಗಿಸಿದರೆ ಸರಿ, 1 ಬಂದರೆ ತಪ್ಪು, 125 ಬಂದರೆ ಆ ಕಮಿಟ್ಟನ್ನು ಬಿಟ್ಟು ಮುಂದೆ.

ಆದರೆ ಹೀಗೆ ಸಿಕ್ಕ ಕಮಿಟ್‌ನಲ್ಲಿ ನಲವತ್ತು ಫೈಲುಗಳ ಬದಲಾವಣೆ ತುಂಬಿದ್ದರೆ ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೇ ನಾನು ಹೊಸಬರಿಗೆ ಎಲ್ಲಕ್ಕಿಂತ ಮೊದಲು ‘ಗಿಟ್ ಆ್ಯಡ್’ನ ಪ್ಯಾಚ್ ಆಯ್ಕೆಯನ್ನು ಕಲಿಸುತ್ತೇನೆ. ಅದು ಬದಲಾವಣೆಗಳನ್ನು ತುಂಡು ತುಂಡಾಗಿ ಮುಂದಿಟ್ಟು, ಇದು ಬೇಕೋ ಬೇಡವೋ ಎಂದು ಕೇಳುತ್ತದೆ. ಒಂದೇ ಫೈಲಿನಲ್ಲಿ ಮಾಡಿದ ಎರಡು ಬೇರೆ ಕೆಲಸಗಳನ್ನು ಎರಡು ಕಮಿಟ್‌ಗಳಾಗಿ ಬೇರ್ಪಡಿಸಬಹುದು. ಪರೀಕ್ಷೆಗೆಂದು ಹಾಕಿ ಮರೆತು ಬಿಟ್ಟ ಪ್ರಿಂಟ್ ಸಾಲುಗಳೂ ಆಗಲೇ ಕಣ್ಣಿಗೆ ಬೀಳುತ್ತವೆ. ನನ್ನ ಮಟ್ಟಿಗೆ ದಿನನಿತ್ಯದ ಕೆಲಸಕ್ಕೆ ಇದಕ್ಕಿಂತ ಉಪಯುಕ್ತ ಅಭ್ಯಾಸ ಇನ್ನೊಂದಿಲ್ಲ.

ಕಮಿಟ್‌ಗಳ ಸಾಲನ್ನೇ ಬದಲಿಸಬಲ್ಲ ರಿಸೆಟ್ ಅಥವಾ ರಿಬೇಸ್ ಎಂದೊಡನೆ, ಕೆಲಸ ಕಳೆದುಹೋದೀತೆಂದು ಕೈ ಹಿಂದೆಗೆಯುವವರು, ಹಿಂದೆ ಯಾವ ಯಾವ ಕಮಿಟ್‌ನಲ್ಲಿದ್ದೆವೆಂದು ಬರೆದಿಡುವ ‘ರಿಫ್ಲಾಗ್’ ಅರಿಯಬೇಕು. ಬ್ರಾಂಚ್‌ನಿಂದ (ಕೆಲಸದ ಒಂದು ಕವಲಿನಿಂದ) ಕಳಚಿಹೋದ ಕಮಿಟ್‌ನ ಗುರುತನ್ನೂ ಅದು ಸಾಮಾನ್ಯವಾಗಿ 30 ದಿನ ಇಟ್ಟುಕೊಂಡಿರುತ್ತದೆ. ಕಮಿಟ್ ಮಾಡದೇ ಅಳಿಸಿದ್ದನ್ನು ಮಾತ್ರ ಅದು ಮರಳಿ ಕೊಡಲಾರದು. ಚಿಕ್ಕ ಚಿಕ್ಕ ಕಮಿಟ್‌ಗಳು ಬೇಕೆನ್ನಲು ಇದೂ ಒಂದು ಕಾರಣ.

ಇನ್ನು, ಅರ್ಧ ಕೆಲಸದಲ್ಲಿರುವಾಗ ಗ್ರಾಹಕರ ತುರ್ತು ಫೋನ್ ಬಂದರೆ ಎಲ್ಲವನ್ನೂ ತಾತ್ಕಾಲಿಕವಾಗಿ ಎತ್ತಿಡುವ ಸ್ಟ್ಯಾಶ್‌ಗೆ ತುರುಕಬೇಕಾಗಿಲ್ಲ. 2015ರ 2.5ನೇ ಆವೃತ್ತಿಯಿಂದ ಬಂದಿರುವ ‘ವರ್ಕ್‌ಟ್ರೀ’ ಅದೇ ರೆಪಾಸಿಟರಿಯ (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹದ) ಇನ್ನೊಂದು ಬ್ರಾಂಚನ್ನು ಬೇರೊಂದು ಫೋಲ್ಡರ್‌ನಲ್ಲಿ ತೆರೆದುಕೊಡುತ್ತದೆ. ತುರ್ತು ದುರಸ್ತಿಯನ್ನು ಅಲ್ಲಿ ಮುಗಿಸಿ ಆ ಫೋಲ್ಡರನ್ನು ತೆಗೆದುಹಾಕಿದರಾಯಿತು. ನಮ್ಮ ಅರ್ಧ ಕೆಲಸ ಇದ್ದಲ್ಲೇ ಇರುತ್ತದೆ.