‘ಮೈಕಾ’ದಲ್ಲಿ ಕಾಗೆಬಂಗಾರ ಇಲ್ಲ: ಒಂದು ಸ್ಪಷ್ಟನೆ
‘ಅಡುಗೆಮನೆ ಕಪಾಟಿಗೆ ಅಂಟಿಸುವ ಮೈಕಾ ಶೀಟ್ ಕಾಗೆಬಂಗಾರದ್ದು, ಅದು ಕಲ್ಲು, ಮಳೆಗೆ ಏನೂ ಆಗಲ್ಲ’ ಎಂಬ ಸಂದೇಶ ಮಡಿಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ಹಾಳೆಯ ಸರಿಯಾದ ಹೆಸರು ಲ್ಯಾಮಿನೇಟ್, ಅಂದರೆ ಪದರ ಪದರವಾಗಿ ಬೆಸೆದದ್ದು. ಒಡೆದ ತುಂಡಿನ ಅಂಚು ನೋಡಿ: ಕಂದು ಗೆರೆ ಕಾಣುತ್ತದೆ. ಅದು ರಾಳದಲ್ಲಿ ನೆನೆಸಿ, ಬಿಸಿಯಲ್ಲಿ ಒತ್ತಿದ ಕಂದು ಕಾಗದ. ಮೇಲಿನದು ಚಿತ್ತಾರದ ಕಾಗದ, ಅಷ್ಟೇ. 1912ರಲ್ಲಿ ಅಮೆರಿಕದಲ್ಲಿ ವಿದ್ಯುತ್ ನಿರೋಧಕವಾಗಿ ಅಭ್ರಕಕ್ಕೆ (ಅದೇ ಕಾಗೆಬಂಗಾರ, ಇಂಗ್ಲಿಷಿನಲ್ಲಿ ಮೈಕಾ) ಬದಲಿ ಹುಡುಕಿದಾಗ ‘ಫಾರ್ಮೈಕಾ’ ಎಂಬ ಬ್ರ್ಯಾಂಡ್ ಹುಟ್ಟಿತು. ಹೆಸರಿನ ಅರ್ಥವೇ ‘ಅಭ್ರಕದ ಬದಲಿಗೆ’. ನಮ್ಮ ಬಾಯಲ್ಲಿರುವ ಸನ್‌ಮೈಕಾ ಕೂಡ ಬ್ರ್ಯಾಂಡ್ ಹೆಸರು.

ಮೇಲ್ಮೈಗೆ ನೀರು ಹಿಡಿಯದು, ನಿಜ. ಆದರೆ ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಥಂಡಿ ಒಳಹೋಗುವುದು ಅಂಚಿನಿಂದ. ದಯವಿಟ್ಟು ಅಂಚುಪಟ್ಟಿ ಹಾಕಿಸದೆ ಬಿಡಬೇಡಿ. ಸಿಂಕಿನ ಕೆಳಗಂತೂ ಪ್ಲೈವುಡ್ಡೇ ಉಬ್ಬಿಬಿಡುತ್ತದೆ.